ನೀಲಮ್ಮ, ಸತ್ಯಭಾಮೆ ಮತ್ತು ಟೀವಿಯೊಳಗಿನ ಹೆಂಡತಿ

ಹೆಂಡತಿಗೆ ಗೊತ್ತಾಗದ ಹಾಗೆ ಇನ್ನೊಬ್ಬಾಕೀನ್ನ ಇಟ್ಟುಕೊಂಡ ಗಂಡ. ಅವನ ಸುಳ್ಳಿಗೆ ಇನ್ನಷ್ಟು ಸುಳ್ಳು ಪೋಣಿಸಿಕೊಡುವ ಗೆಳೆಯ. ನಡುವೆ ಒಂದಿಷ್ಟು ಓಡಾಟ, ಬಾಗಿಲ ಹಿಂದೆ ಅಡಗುವುದು, ಫೋನಿನಲ್ಲಿ ದನಿ ಬದಲಿಸುವುದು. ಕೊನೆಗೆ ಎಲ್ಲಾ ಬಯಲಾಗಿ, ಅತ್ತು ಕರೆದು, ಗಂಡ ಮನೆಗೆ ವಾಪಸ್ಸು. ಭಾನುವಾರ ಮಧ್ಯಾಹ್ನ ಉಂಡು ಟೀವಿ ಹಚ್ಚಿದರೆ ಯಾವುದಾದರೂ ಒಂದು ಚಾನೆಲ್ಲಿನಲ್ಲಿ ಈ ಕತೆ ನಡೆದೇ ಇರುತ್ತದೆ. ಕನ್ನಡದಲ್ಲಿ ಇದರ ಹೆಸರಾಂತ ನಮೂನೆ ಅಂದರೆ 'ರಾಮ ಶಾಮ ಭಾಮ'. ರಮೇಶ್ ಅರವಿಂದ್ ಮೊದಲ ಸಲ ನಿರ್ದೇಶಿಸಿದ ಸಿನಿಮಾ, 2005ರ ಡಿಸೆಂಬರಿನಲ್ಲಿ ತೆರೆಗೆ ಬಂತು. ಗಂಡನಾಗಿ ರಮೇಶ್, ಹೆಂಡತಿಯಾಗಿ ಶ್ರುತಿ, ಆ ಇನ್ನೊಬ್ಬಾಕಿಯಾಗಿ ಡೈಸಿ ಬೋಪಣ್ಣ, ಸುಳ್ಳು ಪೋಣಿಸುವ ಗೆಳೆಯನಾಗಿ ಕಮಲಹಾಸನ್, ಅವನ ಹೆಂಡತಿಯಾಗಿ ಊರ್ವಶಿ.

ಈ ಸಿನಿಮಾ ನೋಡಿ ನಮ್ಮ ಕಡೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಪ್ರತಿ ಸಲ ಮುಗಿದ ಮೇಲೆ ಒಂದು ನಮೂನಿ ನಿರಾಸೆ ಉಳಿಯುತ್ತದೆ. ಅದು ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕ ಇತಿಹಾಸ ಸಿನಿಮಾಕ್ಕಿಂತ ಚೆನ್ನಾಗಿತ್ತು. ಅದನ್ನೇ ಇಲ್ಲಿ ಬರೀತಿದ್ದೇನೆ.

ಈ ಕತೆಯ ಬೇರು ಇಂಗ್ಲೆಂಡಿನಲ್ಲಿದೆ. ಫೇ ವೆಲ್ಡನ್ ಎಂಬ ಲೇಖಕಿ (2023ರಲ್ಲಿ ತೀರಿಕೊಂಡರು) 1983ರಲ್ಲಿ 'ದಿ ಲೈಫ್ ಅಂಡ್ ಲವ್ಸ್ ಆಫ್ ಎ ಶೀ-ಡೆವಿಲ್' ಎಂಬ ಕಾದಂಬರಿ ಬರೆದರು. ಎತ್ತರದ, ದಪ್ಪನೆಯ, ಯಾರೂ ಚೆಲುವೆ ಎನ್ನದ ರೂತ್ ಎಂಬ ಗೃಹಿಣಿ. ಅವಳ ಗಂಡ ಬಾಬೋ ಲೆಕ್ಕಪತ್ರದ ಕೆಲಸದವನು. ಅವನು ಮೇರಿ ಫಿಶರ್ ಎಂಬ ಪ್ರೇಮ ಕಾದಂಬರಿಗಾರ್ತಿಯ ಹಿಂದೆ ಹೋಗುತ್ತಾನೆ. ಹೋಗುವಾಗ ಹೆಂಡತಿಯನ್ನು 'ಶೀ-ಡೆವಿಲ್', ಅಂದರೆ ರಾಕ್ಷಸಿ ಎಂದು ಬೈಯುತ್ತಾನೆ. ಆಕೆ ಅದನ್ನೇ ಹಿಡಿದುಕೊಂಡು ನಿಜಕ್ಕೂ ಹಾಗೇ ಆಗುತ್ತಾಳೆ! ಮನೆಗೆ ಬೆಂಕಿ ಇಡುತ್ತಾಳೆ, ಮಕ್ಕಳನ್ನು ಒಯ್ದು ಗಂಡ ಮತ್ತು ಮೇರಿ ಇರುವ ಮನೆಯಲ್ಲಿ ಬಿಟ್ಟು ಬರುತ್ತಾಳೆ, ಗಂಡ ಜೈಲು ಸೇರುವ ಹಾಗೆ ಮಾಡುತ್ತಾಳೆ. ಕೊನೆಗೆ ಆಪರೇಷನ್ ಮೇಲೆ ಆಪರೇಷನ್ ಮಾಡಿಸಿಕೊಂಡು ಸ್ವತಃ ಮೇರಿ ಫಿಶರಳ ರೂಪವನ್ನೇ ಪಡೆಯುತ್ತಾಳೆ. ನಗು ಬರುತ್ತದೆ, ಆದರೆ ಹೊಟ್ಟೆಯೊಳಗೆ ಚಳುಕೂ ಹುಟ್ಟುತ್ತದೆ.

1986ರಲ್ಲಿ ಬಿಬಿಸಿ ಇದನ್ನು ಟೀವಿಗಾಗಿ ನಾಲ್ಕು ಕಂತುಗಳಲ್ಲಿ ಮಾಡಿತು. ನಿರ್ದೇಶಕ ಫಿಲಿಪ್ ಸಾವಿಲ್, ರೂತ್ ಪಾತ್ರದಲ್ಲಿ ಜೂಲಿ ಟಿ. ವಾಲೇಸ್. ಅದಕ್ಕೆ ಬಾಫ್ಟಾ ಪ್ರಶಸ್ತಿಯೂ ಬಂತು. ಅಂದರೆ ಗಂಡನ ಹಾದರದ ಬಗ್ಗೆ ಟೀವಿಗೆಂದೇ ಮಾಡಿದ ಹಾಸ್ಯ ಪೊಳ್ಳಾಗಿರಲೇಬೇಕು ಅಂತೇನೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1989ರಲ್ಲಿ ಹಾಲಿವುಡ್ಡು ಕೈ ಹಾಕಿತು. ಸೂಸನ್ ಸೈಡಲ್ಮನ್ ನಿರ್ದೇಶನ, ಮೇರಿಯಾಗಿ ಮೆರಿಲ್ ಸ್ಟ್ರೀಪ್, ರೂತ್ ಆಗಿ ರೋಸಾನ್ ಬಾರ್. ಮನೆಗೆ ಬೆಂಕಿ ಇಡುವುದು ಉಳಿಯಿತು, ಆಪರೇಷನ್ನು ಹೋಯಿತು. ರೂತ್ ನೊಂದ ಹೆಂಗಸರಿಗೆ ಕೆಲಸ ಕೊಡಿಸುವ ಒಂದು ಏಜೆನ್ಸಿ ನಡೆಸುತ್ತಾಳೆ. ರಾಕ್ಷಸಿ ಸಮಾಜ ಸೇವಕಿಯಾದಳು :)

ಅಲ್ಲಿಂದ ಮದ್ರಾಸಿಗೆ. 1995ರ ಪೊಂಗಲ್‌ಗೆ ಬಾಲು ಮಹೇಂದ್ರ ನಿರ್ದೇಶಿಸಿದ 'ಸತಿ ಲೀಲಾವತಿ' ಬಂತು. ನಿರ್ಮಾಪಕ ಕಮಲಹಾಸನ್, ಮಾತುಗಳು ಕ್ರೇಜಿ ಮೋಹನ್ ಅವರವು, ಸಂಗೀತ ಇಳಯರಾಜಾ. ಗಂಡನಾಗಿ ಅಲ್ಲೂ ನಮ್ಮ ರಮೇಶ್ ಅರವಿಂದ್. ದಪ್ಪನೆಯ ಹೆಂಡತಿಯಾಗಿ ಕಲ್ಪನಾ. ಇಲ್ಲಿ ಬೆಂಕಿಯೂ ಇಲ್ಲ, ಜೈಲೂ ಇಲ್ಲ. ಮಕ್ಕಳನ್ನು ಆ ಇನ್ನೊಬ್ಬಾಕಿಯ ಮನೆಯಲ್ಲಿ ಬಿಡುವ ಉಪಾಯ ಮಾತ್ರ ಉಳಿಯಿತು. ಗಂಡ ಪಶ್ಚಾತ್ತಾಪಪಟ್ಟು ಮರಳುತ್ತಾನೆ, ಸತಿ ಒಪ್ಪಿಕೊಳ್ಳುತ್ತಾಳೆ. ಹೆಸರಿನಲ್ಲೇ 'ಸತಿ' ಸೇರಿದೆ ನೋಡಿ. 1999ರಲ್ಲಿ ಡೇವಿಡ್ ಧವನ್ ಇದನ್ನೇ ಹಿಂದಿಯಲ್ಲಿ 'ಬೀವಿ ನಂಬರ್ ಒನ್' ಮಾಡಿದರು. ಸಲ್ಮಾನ್, ಕರಿಷ್ಮಾ, ಸುಷ್ಮಿತಾ. ಅದರಲ್ಲಿ ಹಾಡು ಕುಣಿತದ ಗದ್ದಲಕ್ಕೆ ಹೆಂಡತಿಯ ದುಃಖ ಕೇಳಿಸುವುದೇ ಇಲ್ಲ. ಕೊನೆಗೆ 2005ರಲ್ಲಿ ಕನ್ನಡ.

ಈ ಸರಪಳಿಯನ್ನು ಸಾಲಾಗಿ ಇಟ್ಟು ನೋಡಿದರೆ ಪ್ರತಿ ನಕಲಿನಲ್ಲೂ ಹೆಂಡತಿಯ ಸಿಟ್ಟು ಒಂದೊಂದು ಪಾವು ಕಡಿಮೆಯಾಗುತ್ತಾ ಬಂದಿದೆ, ಗಂಡನ ಗೆಳೆಯನ ಜೋಕು ಒಂದೊಂದು ಸೇರು ಜಾಸ್ತಿಯಾಗುತ್ತಾ ಬಂದಿದೆ. ಮೊದಲು ಇದು ರೂತಳ ಕತೆಯಾಗಿತ್ತು. ನಮ್ಮ ಹತ್ತಿರ ಬರುವಷ್ಟರಲ್ಲಿ ಗಂಡ ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬ ಕತೆಯಾಯಿತು. ನನ್ನ ನಿರಾಸೆಗೆ ಇದೇ ಕಾರಣ.

ಬಾಲು ಮಹೇಂದ್ರರನ್ನು ಮಾತ್ರ ನಾನು ಸುಮ್ಮನೆ ಬಯ್ಯಲಾರೆ. ಅವರು ನಿರ್ದೇಶಿಸಿದ ಮೊದಲ ಸಿನಿಮಾ ಕನ್ನಡದ್ದು, 1977ರ 'ಕೋಕಿಲ'. ಕಮಲಹಾಸನ್, ಶೋಭಾ, ರೋಜಾರಮಣಿ ಅದರಲ್ಲಿದ್ದರು. ಅದರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದೂ ಒಬ್ಬಳನ್ನು ಪ್ರೀತಿಸುತ್ತಾ ಇನ್ನೊಬ್ಬಳ ಜೊತೆ ತಪ್ಪು ಮಾಡಿದ ಹುಡುಗನ ಕತೆಯೇ, ಆದರೆ ನಗುವಿಲ್ಲ. ಆಮೇಲೆ 1987ರಲ್ಲಿ ಇಬ್ಬರು ಹೆಂಡಿರ ಹಾಸ್ಯ 'ರೆಟ್ಟೈ ವಾಲ್ ಕುರುವಿ', 1993ರಲ್ಲಿ ಮಹೇಶ್ ಭಟ್ಟರ 'ಅರ್ಥ್' ಅನ್ನು ತಮಿಳಿಗೆ ತಂದ 'ಮರುಪಡಿಯುಂ'. 'ಅರ್ಥ್'ನ ಹೆಂಡತಿ, ಮರಳಿ ಬಂದ ಗಂಡನನ್ನು ಒಳಗೆ ಕರೆದುಕೊಳ್ಳುವುದಿಲ್ಲ. ಅಂಥ ಸಿನಿಮಾ ಮಾಡಿದ ಎರಡೇ ವರ್ಷಕ್ಕೆ ಅದೇ ನಿರ್ದೇಶಕ 'ಸತಿ ಲೀಲಾವತಿ'ಯಲ್ಲಿ ಗಂಡನನ್ನು ಒಳಗೆ ಕರೆದುಕೊಂಡರು. ಗಂಭೀರ ಸಿನಿಮಾದಲ್ಲಿ ಹೆಂಡತಿ ಬಾಗಿಲು ಹಾಕಿಕೊಳ್ಳಬಹುದು, ಕಾಮಿಡಿಯಲ್ಲಿ ಹಾಗಿಲ್ಲ ಎಂಬುದು ಯಾರೂ ಬರೆದಿಡದ ಕಾನೂನೇನೋ.

ಇನ್ನು ಭಾಷೆಯ ಮಾತು. ತಮಿಳಿನಲ್ಲಿ ಕಮಲಹಾಸನ್ ಮತ್ತು ಕೋವೈ ಸರಳಾ ಕೊಯಮತ್ತೂರು ಕಡೆಯ ತಮಿಳು ಆಡಿದ್ದರು. ಕನ್ನಡದಲ್ಲಿ ಆ ಜಾಗಕ್ಕೆ ಬಂದದ್ದು ನಮ್ಮ ಹುಬ್ಬಳ್ಳಿ-ಧಾರವಾಡದ ಮಾತು. ಪರಭಾಷೆಯ ಇಬ್ಬರು ನಟರು 'ಹೌದಲ್ರೀ', 'ಏನ್ ಹಚ್ಚೀರಿ' ಅನ್ನುವುದನ್ನು ಅಷ್ಟು ಚೆಂದ ಆಡಿದ್ದಕ್ಕೆ ನನಗೆ ನಿಜಕ್ಕೂ ಖುಷಿಯಿದೆ. (ಒಂದು ಸ್ವಾರಸ್ಯ: ಇಲ್ಲಿನ ಊರ್ವಶಿ ಮತ್ತು ಅಲ್ಲಿನ ಲೀಲಾವತಿ ಕಲ್ಪನಾ ಸ್ವಂತ ಅಕ್ಕ-ತಂಗಿಯರು. ಕಲ್ಪನಾ 2016ರಲ್ಲಿ ತೀರಿಕೊಂಡರು.) ಆದರೆ ಗಮನಿಸಿ, ಅಳುವ ಹೆಂಡತಿ ಬೆಂಗಳೂರಿನ ಕನ್ನಡದಲ್ಲಿ ಅಳುತ್ತಾಳೆ. ನಗಿಸುವವರಿಗೆ ಮಾತ್ರ ನಮ್ಮ ಮಾತು. ಅದೇ ದಶಕದಲ್ಲಿ ವೈಶಾಲಿ ಕಾಸರವಳ್ಳಿ ಈಟೀವಿಗಾಗಿ ಮಾಡಿದ 'ಮೂಡಲಮನೆ' ಧಾರಾವಾಹಿಯಲ್ಲಿ ಇಡೀ ಮನೆತನವೇ ಉತ್ತರ ಕರ್ನಾಟಕದ ಮಾತಿನಲ್ಲಿ ನಕ್ಕು, ಅತ್ತು, ಜಗಳಾಡಿತ್ತು. ಜನ ಕೂತು ನೋಡಿದರು. ಅಂದರೆ ಈ ಮಾತಿನಲ್ಲಿ ದುಃಖ ಹೇಳಲು ಬರುವುದಿಲ್ಲ ಅನ್ನುವುದು ಸುಳ್ಳು.

ಸವತಿ ಜಗಳದ ಹಾಸ್ಯ ನಮಗೇನು ಲಂಡನ್ನಿನಿಂದ ಬರಬೇಕಿತ್ತೇ? ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ ಗೊತ್ತಿಲ್ಲದ ಹಿರಿಯರು ಸಿಗುವುದು ಕಷ್ಟ. ಅಪರಾಳ ತಮ್ಮಣ್ಣ ಬರೆದದ್ದು, ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ್ದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಊರೂರಿಗೆ ಹೆಸರಾದದ್ದು. ಕತೆ ಇಷ್ಟೇ: ನಾರದ ತಂದುಕೊಟ್ಟ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆಗೆ ಸುದ್ದಿ ಮುಟ್ಟುತ್ತದೆ. ಅಷ್ಟಕ್ಕೇ ಇಡೀ ರಾತ್ರಿ ಆಟ ನಡೆಯುತ್ತದೆ! ಭಾಗವತ ನಡುವೆ ಬಂದು ಭಾಮೆಯನ್ನು ಮಾತಾಡಿಸುತ್ತಾನೆ, ಕೆಣಕುತ್ತಾನೆ, ಬೈಸಿಕೊಳ್ಳುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಆದರೆ ಆಟದ ನಡುಮಧ್ಯೆ ಕೂತಿರುವುದು ಭಾಮೆ, ಅವಳ ಸಿಟ್ಟು, ಅವಳ ಸೊಕ್ಕು, ಅವಳ ವಿರಹ. ಕೃಷ್ಣ ಬರುವುದು ಅವಳ ಸಿಟ್ಟಿನ ಸುತ್ತ ಸುತ್ತುವುದಕ್ಕೆ. ದೇವರೇ ಗಂಡನಾದರೂ ಇಲ್ಲಿ ಅವನಿಗೆ ರಿಯಾಯಿತಿ ಇಲ್ಲ. 2005ರ ಸಿನಿಮಾ 'ಭಾಮ' ಎಂಬ ಹೆಸರನ್ನು ಇಟ್ಟುಕೊಂಡಿತು, ಆ ಸೊಕ್ಕನ್ನು ಮಾತ್ರ ತರಲಿಲ್ಲ.

ಪಾರಿಜಾತದಲ್ಲಿ ಗಂಡ ಸುಳ್ಳು ಹೇಳಿ ಅಡಗಬೇಕಾದ ಪ್ರಮೇಯವೇ ಇಲ್ಲ ಎಂಬುದೂ ಗಮನಿಸಬೇಕಾದ್ದು. ಇಬ್ಬರೂ ಮದುವೆಯಾದ ಹೆಂಡಿರೇ. ಹಿಂದೆ ನಮ್ಮ ಊರುಗಳಲ್ಲಿ ಹಿರೇ ಹೆಂಡತಿ, ಕಿರೇ ಹೆಂಡತಿ ಒಂದೇ ಅಂಗಳದಲ್ಲಿ ಜೋಳ ಹಸನು ಮಾಡುತ್ತಾ ಜಗಳಾಡುತ್ತಿದ್ದರು. ಕಾನೂನಿನ ಅಡ್ಡಿ ಇರಲಿಲ್ಲ. ಆಗ ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆ ಸರ್ಕಾರ 1946ರಲ್ಲೇ ಹಿಂದೂ ಗಂಡಸರ ದ್ವಿಪತ್ನಿತ್ವವನ್ನು ನಿಷೇಧಿಸುವ ಕಾಯಿದೆ ತಂದಿತು. ಅದು ಮೂಲಭೂತ ಹಕ್ಕಿಗೆ ವಿರುದ್ಧ ಅಂತ ಕೋರ್ಟಿಗೆ ಹೋದವರಿದ್ದರು, 1951ರಲ್ಲಿ ಮುಂಬಯಿ ಹೈಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆಮೇಲೆ 1955ರ ಹಿಂದೂ ವಿವಾಹ ಕಾಯಿದೆ ದೇಶಕ್ಕೆಲ್ಲ ಬಂತು. ಎರಡನೆಯಾಕಿ ಅಂಗಳದಿಂದ ಹೊರಗೆ, ಬೇರೆ ಓಣಿಯ ಬೇರೆ ಮನೆಗೆ ಹೋದಳು. ಕಾಯಿದೆಯ ಪ್ರಕಾರ ಆಕೆ ಹೆಂಡತಿಯೂ ಅಲ್ಲ, ಆಕೆಗೆ ಹಕ್ಕೂ ಇಲ್ಲ. ಸುಳ್ಳು, ಗುಟ್ಟು, ಗೆಳೆಯನ ನೆರವು ಇವೆಲ್ಲ ಬೇಕಾದದ್ದು ಆಮೇಲೆ. ಬಾಗಿಲ ಹಿಂದೆ ಅಡಗುವ ಕಾಮಿಡಿ ಹುಟ್ಟಲು ಮೊದಲು ಎರಡು ಬಾಗಿಲು ಬೇಕಲ್ಲ!

ಹೆಂಡತಿಗೆ ಆ ಕಾಯಿದೆಯಿಂದ ಎಷ್ಟು ಸಿಕ್ಕಿತು? ವಿಚ್ಛೇದನಕ್ಕೆ ಅರ್ಜಿ ಹಾಕಬಹುದಿತ್ತು. ಮೊದಲು ಗಂಡ ಬೇರೊಬ್ಬಾಕಿಯ ಜೊತೆ ಹಾದರದಲ್ಲೇ ಬಾಳುತ್ತಿದ್ದಾನೆ ಅಂತ ತೋರಿಸಬೇಕಿತ್ತು, 1976ರ ತಿದ್ದುಪಡಿಯ ನಂತರ ಒಂದು ಸಲದ ತಪ್ಪೂ ಕಾರಣವಾಗಬಹುದಾಯಿತು. ಆದರೆ ದಂಡಸಂಹಿತೆಯ 497ನೇ ಕಲಮು ಇನ್ನೊಂದು ವಿಚಿತ್ರ. 1860ರ ಆ ಕಾನೂನಿನಲ್ಲಿ ದೂರು ಕೊಡುವ ಹಕ್ಕು ಗಂಡನಿಗೆ ಮಾತ್ರ, ಅದೂ ತನ್ನ ಹೆಂಡತಿಯ ಜೊತೆ ಮಲಗಿದ ಗಂಡಸಿನ ಮೇಲೆ. ಮೋಸಹೋದ ಹೆಂಡತಿ ತನ್ನ ಗಂಡನ ಮೇಲೆ ದೂರು ಕೊಡುವ ಹಾಗೇ ಇರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 1995ರ ಲೀಲಾವತಿಗಾಗಲಿ 2005ರ ಹೆಂಡತಿಗಾಗಲಿ ಪೊಲೀಸ್ ಠಾಣೆಯ ದಾರಿ ಇರಲಿಲ್ಲ. ಕೈಯಲ್ಲಿದ್ದದ್ದು ಮಕ್ಕಳು ಮತ್ತು ಕಣ್ಣೀರು ಅಷ್ಟೇ. ಹಾಗಾಗಿ ಕತೆಗಾರರನ್ನು ಪೂರ್ತಿ ದೂರುವ ಹಾಗೂ ಇಲ್ಲ ಅನ್ನಿ.

ಈಗ ತಂಗಡಗಿಗೆ ಬರ್ತೇನೆ. ಮುದ್ದೇಬಿಹಾಳ ತಾಲೂಕಿನ ಈ ಊರು ಕೃಷ್ಣೆಯ ದಂಡೆಯ ಮೇಲಿದೆ. ಬಸವಣ್ಣನ ಹೆಂಡತಿ ನೀಲಮ್ಮನ ಐಕ್ಯಸ್ಥಳ ಇಲ್ಲಿದೆ. ಬಸವಣ್ಣನಿಗೆ ಇಬ್ಬರು ಹೆಂಡಿರು, ಗಂಗಾಂಬಿಕೆ ಮತ್ತು ನೀಲಾಂಬಿಕೆ. ಪುರಾಣದಿಂದ ಪುರಾಣಕ್ಕೆ ಹೆಸರುಗಳು ಮಾಯಿದೇವಿ, ನೀಲಲೋಚನೆ ಎಂದು ಬದಲಾಗುತ್ತವೆ. ಗಂಗಾಂಬಿಕೆಯ ಐಕ್ಯಸ್ಥಳ ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿದೆ. ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುವುದು ಕೂಡಲಸಂಗಮದಲ್ಲಿ, ಅಲ್ಲಿ ಬಸವಣ್ಣ. ಇಬ್ಬರು ಹೆಂಡಿರು ಎರಡು ಹೊಳೆಯ ದಂಡೆಗೆ, ಗಂಡ ಹೊಳೆ ಕೂಡುವಲ್ಲಿ. ಯಾವ ಕತೆಗಾರನೂ ಇಷ್ಟು ಅಚ್ಚುಕಟ್ಟಾಗಿ ನಕ್ಷೆ ಬರೆದಿಲ್ಲ.

ಶರಣರ ಮನೆಗೆ ಹಾದರದ ಮಾತು ಹಚ್ಚುತ್ತಿದ್ದಾನೆ ಅಂತ ಯಾರೂ ಸಿಟ್ಟಾಗಬೇಡಿ, ನಾನು ಹೇಳುತ್ತಿರುವುದು ಅದಲ್ಲ. ಗಂಡ ಕರೆದಾಗ ಹೆಂಡತಿ ಏನು ಮಾಡಬಹುದು ಎಂಬುದಕ್ಕೆ ನಮ್ಮ ನೆಲದಲ್ಲಿ ಒಂದು ಹಳೆಯ ಉತ್ತರವಿದೆ, ಅದನ್ನು ಹೇಳುತ್ತಿದ್ದೇನೆ. ಕಲ್ಯಾಣದ ಗಲಾಟೆಯ ಹೊತ್ತಿಗೆ ಬಸವಣ್ಣ ಸಂಗಮಕ್ಕೆ ಬಂದಿದ್ದ. ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದ. ಆಕೆಯ ಉತ್ತರ ಪ್ರಸಿದ್ಧ: ಸಂಗಯ್ಯ ಅಲ್ಲಿ ಮಾತ್ರ ಇದ್ದಾನೆಯೇ, ಇಲ್ಲಿ ಇಲ್ಲವೇ ಎಂಬ ಅರ್ಥದ ಮಾತು. ಆಕೆ ತಂಗಡಗಿಯವರೆಗೆ ಬಂದಳು, ಅಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಮುಟ್ಟಿತು, ಆಕೆ ಇಲ್ಲಿಯೇ ಐಕ್ಯಳಾದಳು ಎನ್ನುವುದು ನಮ್ಮ ಕಡೆಯ ನಂಬಿಕೆ. 'ಸಂಗಯ್ಯ' ಎಂಬ ಅಂಕಿತದಲ್ಲಿ ಆಕೆಯ ವಚನಗಳಿವೆ. ಅವುಗಳಲ್ಲಿ ಹೆಣ್ಣು-ಗಂಡು, ಗಂಡ-ಹೆಂಡತಿ ಎಂಬ ಭೇದ ಕರಗುವ ಮಾತು ಮತ್ತೆ ಮತ್ತೆ ಬರುತ್ತದೆ. ಕರೆಯಲು ಹೋದ ಅಪ್ಪಣ್ಣನ ಹೆಸರಿನ ಗುರುಪೀಠವೂ ತಂಗಡಗಿಯಲ್ಲೇ ಇದೆ. ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ, ಆದರೆ ಆಕೆಯ ಬಗ್ಗೆ ಮಾತಾಡುವವರು ಕಡಿಮೆ.

ಇದೇ ಊರಿನ ಮನೆಗಳಲ್ಲಿ ಸಂಜೆ ಟೀವಿಯಲ್ಲಿ ಬಂದದ್ದು 'ಲಕ್ಷ್ಮೀ ಬಾರಮ್ಮ'. 2013ರಲ್ಲಿ ಈಟೀವಿ ಕನ್ನಡದಲ್ಲಿ ಶುರುವಾಗಿ, ಚಾನೆಲ್ಲು 2015ರಲ್ಲಿ ಕಲರ್ಸ್ ಕನ್ನಡ ಆದ ಮೇಲೂ ನಡೆದು 2020ರವರೆಗೆ ಎಳೆಯಿತು. ಒಬ್ಬ ಗಂಡ, ಇಬ್ಬರು ಹೆಂಡಿರು, ಏಳು ವರ್ಷ! ಬಿಬಿಸಿ ನಾಲ್ಕೇ ಕಂತಿನಲ್ಲಿ ಮುಗಿಸಿದ ಲೆಕ್ಕ ನಮ್ಮಲ್ಲಿ ಮುಗಿಯುವುದೇ ಇಲ್ಲ, ಯಾಕೆಂದರೆ ಮುಗಿಯಬೇಕಾದರೆ ಯಾರಾದರೂ ಒಬ್ಬರು ಮನೆ ಬಿಟ್ಟು ನಡೆಯಬೇಕು. 2021ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀ ಅವರ ಪುಟ್ಟಕ್ಕ, ಗಂಡ ಬಿಟ್ಟು ಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದಾಗ ನಮ್ಮ ಕಡೆಯ ಹೆಂಗಸರು ಅದನ್ನು ಹಚ್ಚಿಕೊಂಡು ನೋಡಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಅದು ಕಾಮಿಡಿ ಅಲ್ಲ, ಆ ಮಾತು ಬೇರೆ.

ಇದೇ ಸಾಲಿನಲ್ಲಿ ಸಂಗ್ಯಾ-ಬಾಳ್ಯಾನನ್ನೂ ಸೇರಿಸಬೇಕೆಂದಿದ್ದೆ. ಬೈಲಹೊಂಗಲದ ಆ ಕತೆಯಲ್ಲಿ ಜಾರುವವಳು ಹೆಂಡತಿ, ಸುಳ್ಳಿಗೆ ನೆರವಾಗುವ ಗೆಳೆಯ ಅಲ್ಲೂ ಇದ್ದಾನೆ, ಆದರೆ ಅಲ್ಲಿ ಯಾರನ್ನೂ ಕ್ಷಮಿಸುವುದಿಲ್ಲ, ಕೊಲೆಯೇ ಆಗುತ್ತದೆ. ಅದು ದೊಡ್ಡ ಕತೆ, ಇನ್ನೊಮ್ಮೆ ಬರೀತೇನೆ.