ಲಡಿಂಗ್ಟನ್: ನೆಲ, ನೀರು, ಮೊದಲ ನೆಲೆ

ಲಡಿಂಗ್ಟನ್ ಅಮೆರಿಕದ ಮಿಷಿಗನ್ ರಾಜ್ಯದ ಪಶ್ಚಿಮ ಅಂಚಿನಲ್ಲಿರುವ, ಎಂಟು ಸಾವಿರದಷ್ಟು ಜನರ ಪಟ್ಟಣ. ಮೇಸನ್ ಕೌಂಟಿಯ ಆಡಳಿತ ಕೇಂದ್ರ. ಊರ ಮುಂದೆ ಕಡಲಿನಂಥ ಮಿಷಿಗನ್ ಸರೋವರ, ಮಗ್ಗುಲಲ್ಲಿ ಪೇರ್ ಮಾರ್ಕ್ವೆಟ್ ಕೆರೆ. ಪೂರ್ವದಿಂದ ಹರಿದು ಬರುವ ಪೇರ್ ಮಾರ್ಕ್ವೆಟ್ ನದಿ ಮೊದಲು ಈ ಕೆರೆಗೆ ಬಿದ್ದು, ಆಮೇಲೆ ಸರೋವರ ಸೇರುತ್ತದೆ. ನಡುವೆ ಇರುವುದು ಮರಳುದಿಬ್ಬಗಳ ಪಟ್ಟಿ ಮಾತ್ರ. ಹಳೆಯ ನದೀಮುಖ ಈಗಿನದಕ್ಕಿಂತ ದಕ್ಷಿಣಕ್ಕಿತ್ತು. ಇಂದಿನ ಕಾಲುವೆ 19ನೇ ಶತಮಾನದಲ್ಲಿ ಜನರೇ ತೋಡಿದ್ದು.

ಊರಿನ ಚರಿತ್ರೆಯ ದೊಡ್ಡ ತಕರಾರಿಗೂ ಈ ನದೀಮುಖವೇ ಮೂಲ. ಫ್ರೆಂಚ್ ಜೆಸ್ವಿಟ್ ಪಾದ್ರಿ ಜಾಕ್ ಮಾರ್ಕ್ವೆಟ್ 1675ರಲ್ಲಿ ಇಲಿನಾಯ್ ಸೀಮೆಯಿಂದ ಉತ್ತರದ ಸೇಂಟ್ ಇಗ್ನೇಸ್‌ಗೆ ಮರಳುವಾಗ ದಾರಿಯಲ್ಲೇ ಕಾಯಿಲೆ ಉಲ್ಬಣಿಸಿತು. ಇಬ್ಬರು ಸಂಗಡಿಗರು ದೋಣಿಯನ್ನು ಒಂದು ನದೀಮುಖಕ್ಕೆ ತಿರುಗಿಸಿದರು. ಮೇ 18ರಂದು, 37ನೇ ವಯಸ್ಸಿನಲ್ಲಿ, ಅವರು ಅಲ್ಲೇ ತೀರಿಕೊಂಡರು. 1677ರಲ್ಲಿ ಮೂಲನಿವಾಸಿ ಒಡಾವಾ ಜನ ಅಸ್ಥಿಗಳನ್ನು ಸೇಂಟ್ ಇಗ್ನೇಸ್‌ಗೆ ಒಯ್ದರು, ಸಮಾಧಿ ಬರಿದಾಯಿತು.

ಆ ನದೀಮುಖ ಯಾವುದು? 1721ರಲ್ಲಿ ಈ ದಡದಲ್ಲಿ ಸಂಚರಿಸಿದ ಫ್ರೆಂಚ್ ಪ್ರವಾಸಿ ಷಾರ್ಲವ್ವಾ, ನದಿ ಪಾದ್ರಿಯ ಸಮಾಧಿಯನ್ನು ಬಿಟ್ಟು ಸರಿದು ಬೇರೆ ದಾರಿ ಮಾಡಿಕೊಂಡಿತೆಂಬ ಮಾತನ್ನು ಬರೆದಿಟ್ಟ. ಲಡಿಂಗ್ಟನ್ನಿನವರು ತಮ್ಮ ನದಿಯೇ ಅದೆಂದು ನಂಬಿ ದಡದಲ್ಲಿ ಸ್ಮಾರಕ ಶಿಲುಬೆ ನಿಲ್ಲಿಸಿದ್ದಾರೆ. 1960ರ ದಶಕದಲ್ಲಿ ಮುಂದಿಟ್ಟ ಆಧಾರಗಳು ಮಾತ್ರ ಉತ್ತರದ ಫ್ರಾಂಕ್‌ಫರ್ಟ್ ಊರಿನ ಬೆಟ್ಸಿ ನದಿಯತ್ತ ಬೊಟ್ಟು ಮಾಡಿದವು. ಅಲ್ಲಿ ಗುರುತಾಗಿದ್ದ ಗುಡ್ಡವೂ ಈಗಿಲ್ಲ. ಮಿಷಿಗನ್ ರಾಜ್ಯದ ಫಲಕಗಳು ಎರಡೂ ಊರುಗಳಲ್ಲಿವೆ. ನೀರೂ ನೆಲವೂ ಇಷ್ಟು ಬದಲಾಗಿರುವಾಗ ಇಂದಿನ ನಕ್ಷೆ ಹಿಡಿದು ತೀರ್ಪು ಕೊಡುವುದು ಸರಿಯಲ್ಲ.

1836ರ ವಾಷಿಂಗ್ಟನ್ ಒಪ್ಪಂದದಲ್ಲಿ ಒಡಾವಾ ಮತ್ತು ಒಜಿಬ್ವೆ ಜನ ಈ ಸೀಮೆಯನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಹೊರಗಿನಿಂದ ಬಂದು ಬೇರೂರಿದವರಲ್ಲಿ ಮೊದಲಿಗ ಬರ್ ಕ್ಯಾಸ್ವೆಲ್. 1847ರಲ್ಲಿ ಸಂಸಾರ ಸಮೇತ ಬಂದ. 1849ರಲ್ಲಿ ಅವನು ಕಟ್ಟಿದ ಮನೆಗೆ ಬಳಸಿದ್ದು ಸರೋವರದ ಅಲೆಗಳು ದಡಕ್ಕೆ ತಂದೊಗೆದ ಮರ. 1855ರಲ್ಲಿ ಕೌಂಟಿ ರೂಪುಗೊಂಡಾಗ ಅದೇ ಮನೆ ಮೊದಲ ನ್ಯಾಯಾಲಯವೂ ಆಯಿತು.

ಉಳಿದದ್ದು ಮರದ ಸೀಮೆಯ ಪರಿಚಿತ ಕಥೆ. ಬಿಳಿ ಪೈನ್ ಕಾಡು, ಗರಗಸದ ಗಿರಣಿ, ಮಿಲ್ವಾಕೀ ಉದ್ಯಮಿ ಜೇಮ್ಸ್ ಲಡಿಂಗ್ಟನ್. 1873ರಲ್ಲಿ ನಗರವಾದ ಊರು ಅವನ ಹೆಸರು ಹೊತ್ತಿತು. ಪಾದ್ರಿಯ ಹೆಸರು ನದಿಗೂ ಕೆರೆಗೂ ಉಳಿಯಿತು. 1897ರಿಂದ ರೈಲುಡಬ್ಬಿಗಳನ್ನೇ ಹೊತ್ತೊಯ್ಯುವ ಉಕ್ಕಿನ ಹಡಗುಗಳು ಬಂದವು. 1953ರಲ್ಲಿ ಸೇವೆಗಿಳಿದ, ಕಲ್ಲಿದ್ದಲಿನಿಂದ ಓಡುವ ಬ್ಯಾಜರ್ ಹಡಗು ಸರೋವರದಾಚೆಯ ಮ್ಯಾನಿಟೊವಾಕ್‌ಗೆ ಈಗಲೂ ಹೋಗಿಬರುತ್ತದೆ.

ಕ್ಯಾಸ್ವೆಲ್ ಮನೆ ಇಂದು ವೈಟ್ ಪೈನ್ ವಿಲೇಜ್ ವಸ್ತುಸಂಗ್ರಹಾಲಯದ ಭಾಗವಾಗಿದೆ.