ಬೇಲಿಯಿಂದ ಹೊಲಕ್ಕೆ ಬಂದ ಗಿಡ
ಆಡೂ ಮುಟ್ಟದ ಕಾಡುಹರಳು ನಮ್ಮ ಬಯಲುಸೀಮೆಯಲ್ಲಿ ಬೇಲಿಯ ಗಿಡ. ಅದನ್ನೇ ಜಟ್ರೋಫಾ ಎಂಬ ಹೆಸರಿನಲ್ಲಿ, ಬಂಜರು ನೆಲದ ಡೀಸೆಲ್ ಬೆಳೆಯೆಂದು 2003ರಲ್ಲಿ ಯೋಜನಾ ಆಯೋಗದ ಸಮಿತಿ ಎತ್ತಿಹಿಡಿಯಿತು. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ. ನಾನೀಗ ನೆಲೆಸಿರುವ ಬೆಲ್ಜಿಯಂನಲ್ಲಿ, ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಆ ತವರಿನ ಹವಾಮಾನವನ್ನೇ ಕೆದಕಿದರು. ಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ಮಾದರಿಗಳು ಎಲ್ಲೆಲ್ಲಿ ಬೆಳೆದಿದ್ದವೋ ಅಲ್ಲಲ್ಲಿನ ಮಳೆಯ ಲೆಕ್ಕ ಹಿಡಿದು, 2009ರಲ್ಲಿ ಪ್ರಕಟಿಸಿದರು: ಶೇಕಡ 95ರಷ್ಟು ಗಿಡಗಳು ಇದ್ದದ್ದು ವರ್ಷಕ್ಕೆ 944 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವಲ್ಲಿ. ಚಿತ್ರದುರ್ಗ, ಬಳ್ಳಾರಿಗಳ ಮಳೆ ಅದಕ್ಕಿಂತ ಎಷ್ಟೋ ಕಡಿಮೆ. ಒಣನೆಲದಲ್ಲಿ ಗಿಡ ಜೀವ ಹಿಡಿದೀತು; ಗಾಣಕ್ಕೆ ಸಾಲುವಷ್ಟು ಕಾಯಿ ಕಟ್ಟದು. ಸಸಿ ನೆಡುವ ಮೊದಲೇ ಆಗಬೇಕಿದ್ದ ಲೆಕ್ಕ ಆರು ವರ್ಷ ತಡವಾಯಿತು. ಆ ತಡದ ಬೆಲೆ ತೆತ್ತವನು ಅದಕ್ಕೆ ಹೊಲ ಬಿಟ್ಟುಕೊಟ್ಟ ರೈತ.