ಅಸೈನ್‌ಮೆಂಟ್‌ನ ಎಡಬದಿ: ಗೆಟರ್–ಸೆಟರ್ ಜೋಡಿಯ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪರಿಭಾಷೆ

ಅಸೈನ್‌ಮೆಂಟ್ ಚಿಹ್ನೆಯ ಎಡಕ್ಕೆ ಬರಿಯ ಹೆಸರಿನ ಬದಲು ಫಂಕ್ಷನ್ ಕರೆಯನ್ನು ಹೋಲುವ ರೂಪವನ್ನು ಬರೆಯಲು ಹಲವು ಪ್ರೋಗ್ರಾಮಿಂಗ್ ಭಾಷೆಗಳು ಅವಕಾಶ ಕೊಡುತ್ತವೆ. ಅಲ್ಲಿ ಓದುವ ಕೆಲಸ ಒಂದು ಫಂಕ್ಷನ್ನಿನದು, ಬರೆಯುವ ಕೆಲಸ ಇನ್ನೊಂದರದು. ಮೊದಲನೆಯದು ಗೆಟರ್, ಎರಡನೆಯದು ಸೆಟರ್. ಈ ಏರ್ಪಾಡನ್ನು ಸಾಮಾನ್ಯವಾಗಿ ‘ಜೋಡಿ’ ಎಂದಷ್ಟೇ ವಿವರಿಸುವುದುಂಟು. ಆ ವಿವರಣೆ ಸಾಲದು ಎಂಬುದು ಈ ಟಿಪ್ಪಣಿಯ ಸೀಮಿತ ವಾದ.

ಅನುಕೂಲಕ್ಕಾಗಿ ಎರಡು ಹೆಸರುಗಳನ್ನು ಇಲ್ಲಿ ಮಾಡಿಕೊಳ್ಳಲಾಗಿದೆ. ಇವು ರೂಢಿಯ ಪದಗಳಲ್ಲ. ಗೆಟರ್ ಯಾವ ಆರ್ಗ್ಯುಮೆಂಟನ್ನೂ ಕೇಳದೆ, ಸೆಟರ್ ಹೊಸ ಮೌಲ್ಯವೊಂದನ್ನೇ ಕೇಳಿದರೆ ಅದು ‘ಮುಚ್ಚಿದ ಜೋಡಿ’: ಯಾವ ವಸ್ತು, ಯಾವ ಸೂಚ್ಯಂಕ ಎಂಬುದು ಮೊದಲೇ ತೀರ್ಮಾನವಾಗಿ ಜೋಡಿಯೊಳಗೆ ಸೇರಿದೆ. ಎರಡೂ ಫಂಕ್ಷನ್‌ಗಳಿಗೆ ಪ್ರತಿ ಸಲ ವಸ್ತುವನ್ನು ಹೊರಗಿನಿಂದ ಕೊಡಬೇಕಾದರೆ ಅದು ‘ತೆರೆದ ಜೋಡಿ’.

2. 1961, 1967, 1968

2.1. ಆಲ್ಗಾಲ್ 60ರ ಹೆಸರಿನ ಮೂಲಕ ಕರೆಯನ್ನು ಕಾರ್ಯಗತಗೊಳಿಸಲು ಪೀಟರ್ ಇಂಗರ್‌ಮನ್ 1961ರ ಜನವರಿಯಲ್ಲಿ ಪ್ರಕಟಿಸಿದ ‘ಥಂಕ್’ ತಂತ್ರವನ್ನು ಕೆಲವೊಮ್ಮೆ ಈ ವಂಶದ ಮೂಲದಲ್ಲಿ ಇಡಲಾಗುತ್ತದೆ. ಇದನ್ನು ಎಚ್ಚರದಿಂದ ಒಪ್ಪಬೇಕು. ಥಂಕ್ ಹಿಂದಿರುಗಿಸುವುದು ಮೆಮೊರಿಯ ಒಂದು ವಿಳಾಸವನ್ನು. ಓದು, ಬರಹ ಎರಡೂ ಆ ವಿಳಾಸದ ಮೂಲಕವೇ ನಡೆಯುತ್ತವೆ. ಬರೆಯುವುದಕ್ಕೆಂದೇ ಪ್ರತ್ಯೇಕ ಫಂಕ್ಷನ್ ಅಲ್ಲಿಲ್ಲ. ಆದ್ದರಿಂದ ಇದು ಪೂರ್ವರೂಪ ಎನಿಸಬಹುದು, ಜೋಡಿ ಅಲ್ಲ.

2.2. ಕ್ರಿಸ್ಟಫರ್ ಸ್ಟ್ರೇಚಿ 1967ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್ನಿನ ಬೇಸಿಗೆ ಶಾಲೆಯಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಎಡಮೌಲ್ಯ ಮತ್ತು ಬಲಮೌಲ್ಯಗಳ ಭೇದವನ್ನು ವಿಸ್ತಾರವಾಗಿ ಚರ್ಚಿಸಿದರು. ಅಲ್ಲಿ ಎಡಮೌಲ್ಯ ಸೂಚಿಸುವ ಸ್ಥಾನವೆಂದರೆ ವಿಳಾಸವೇ ಆಗಬೇಕಿಲ್ಲ. ಒಳಗಿರುವುದನ್ನು ಕೊಡುವ ಒಂದು ಫಂಕ್ಷನ್, ಅದನ್ನು ಬದಲಿಸುವ ಇನ್ನೊಂದು, ಇವೆರಡು ಸೇರಿದರೆ ಸಾಕು. ಇದಕ್ಕೆ ಅವರು ಇಟ್ಟ ಹೆಸರು ಲೋಡ್–ಅಪ್‌ಡೇಟ್ ಜೋಡಿ. ಮೇಲಿನ ವಿಂಗಡಣೆಯಲ್ಲಿ ಇದು ಮುಚ್ಚಿದ ಜೋಡಿ.

2.3. ಎಡಿನ್‌ಬರಾದಲ್ಲಿ ರಾಡ್ ಬರ್ಸ್ಟಾಲ್ ಮತ್ತು ರಾಬಿನ್ ಪಾಪಲ್‌ಸ್ಟೋನ್ ರೂಪಿಸಿದ ಪಾಪ್-2 ಭಾಷೆಯ ವಿವರಣೆ 1968ರಲ್ಲಿ ಮುದ್ರಣಗೊಂಡಿತು. ಇದರಲ್ಲಿ ಫಂಕ್ಷನ್ ಒಂದಕ್ಕೆ ‘ಅಪ್‌ಡೇಟರ್’ ಅನ್ನು ಜೋಡಿಸಬಹುದು. ಹಾಗೆ ಜೋಡಿಸಿದ ಫಂಕ್ಷನ್ನಿಗೆ ‘ಡಬ್ಲೆಟ್’ ಎಂಬ ಹೆಸರೂ ಇದೆ. ಪಟ್ಟಿಯ ತಲೆಯನ್ನು ಕೊಡುವ ಫಂಕ್ಷನ್ನನ್ನೇ ಅಸೈನ್‌ಮೆಂಟ್‌ನ ಗುರಿಯಾಗಿ ಬರೆದರೆ ತಲೆ ಬದಲಾಗುತ್ತದೆ. ಪಟ್ಟಿಯನ್ನು ಪ್ರತಿ ಕರೆಯಲ್ಲೂ ಕೊಡಬೇಕಾದ್ದರಿಂದ ಇದು ತೆರೆದ ಜೋಡಿ.

2.4. ಇಲ್ಲಿ ದಿನಾಂಕದ ತೊಡಕೊಂದಿದೆ. ಸ್ಟ್ರೇಚಿಯವರ ಟಿಪ್ಪಣಿಗಳು ಪ್ರತಿಗಳ ರೂಪದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವಾದರೂ ನಿಯತಕಾಲಿಕದಲ್ಲಿ ಅಚ್ಚಾದದ್ದು 2000ದಲ್ಲಿ, ಅಂದರೆ ಉಪನ್ಯಾಸದ 33 ವರ್ಷಗಳ ನಂತರ, ಅವರು ತೀರಿಕೊಂಡ 25 ವರ್ಷಗಳ ನಂತರ. ಮುದ್ರಣದ ವರ್ಷವನ್ನೇ ಹಿಡಿದರೆ ಪಾಪ್-2 ಮುಂದೆ. ನುಡಿದ ವರ್ಷವನ್ನು ಹಿಡಿದರೆ ಸ್ಟ್ರೇಚಿ ಮುಂದೆ. ಒಂದರಿಂದ ಇನ್ನೊಂದು ಹುಟ್ಟಿತು ಎನ್ನುವುದಕ್ಕೆ ಈ ದಿನಾಂಕಗಳಷ್ಟೇ ಆಧಾರವಾಗಲಾರವು. ಎರಡೂ ಕಡೆ ಸಿಗುವುದು ಒಂದೇ ಬಗೆಯ ಜೋಡಿಯಲ್ಲ ಎಂಬ ಸಂಗತಿ ಹೆಚ್ಚು ಗಮನಾರ್ಹ.

3. ಲಿಸ್ಪ್ ಶಾಖೆ: ಐದು ಮೌಲ್ಯಗಳು

ಲಿಸ್ಪ್ ವಲಯದಲ್ಲಿ ಸಾಮಾನ್ಯೀಕೃತ ಅಸೈನ್‌ಮೆಂಟ್‌ನ ವಿಚಾರವನ್ನು ಪೀಟರ್ ಡಾಯ್ಚ್ ಅವರ 1973ರ ಪ್ರಬಂಧಕ್ಕೆ ಜೋಡಿಸುವುದು ರೂಢಿ. ಕಾಮನ್ ಲಿಸ್ಪ್‌ನಲ್ಲಿ ಅದು ‘ಸೆಟ್‌ಎಫ್’ ಎಂಬ ಮ್ಯಾಕ್ರೋ. 1984ರಲ್ಲಿ ಗೈ ಸ್ಟೀಲ್ ಬರೆದ ಭಾಷಾವಿವರಣೆಯ ಪ್ರಕಾರ ಪ್ರತಿ ‘ಸ್ಥಾನ’ವೂ ವಿಸ್ತರಣೆಯ ಹೊತ್ತಿನಲ್ಲಿ ಐದು ಮೌಲ್ಯಗಳನ್ನು ಕೊಡುತ್ತದೆ: ತಾತ್ಕಾಲಿಕ ಚರಗಳ ಪಟ್ಟಿ, ಅವುಗಳಿಗೆ ತುಂಬಬೇಕಾದ ಅಭಿವ್ಯಕ್ತಿಗಳ ಪಟ್ಟಿ, ಹೊಸ ಮೌಲ್ಯವನ್ನು ಹಿಡಿಯುವ ಚರಗಳ ಪಟ್ಟಿ, ಬರೆಯುವ ರೂಪ, ಓದುವ ರೂಪ.

ಜೋಡಿ ಎಂದು ಕರೆಯಬಹುದಾದದ್ದು ಇವುಗಳಲ್ಲಿ ಕೊನೆಯ ಎರಡು ಮಾತ್ರ. ಉಳಿದ ಮೂರು ಯಾಕೆ ಬೇಕಾದವು ಎಂಬ ಪ್ರಶ್ನೆಗೆ ಉತ್ತರ ಸಂಯುಕ್ತ ಅಸೈನ್‌ಮೆಂಟ್‌ನಲ್ಲಿದೆ. ಒಂದು ಅರೇಯ ‘ಐ’ನೇ ಅಂಶಕ್ಕೆ 1 ಕೂಡಿಸಬೇಕು, ಸೂಚ್ಯಂಕವನ್ನು ಲೆಕ್ಕಹಾಕುವ ಅಭಿವ್ಯಕ್ತಿಯೇ ‘ಐ’ಯನ್ನು ಹೆಚ್ಚಿಸುತ್ತದೆ ಎಂದಿಟ್ಟುಕೊಳ್ಳೋಣ. ತೆರೆದ ಜೋಡಿಯನ್ನು ಅಕ್ಷರಶಃ ಬಳಸಿದರೆ ಗೆಟರ್‌ಗೆ ಒಮ್ಮೆ, ಸೆಟರ್‌ಗೆ ಇನ್ನೊಮ್ಮೆ ಆ ಅಭಿವ್ಯಕ್ತಿ ಓಡುತ್ತದೆ. ಓದಿದ್ದು ಒಂದು ಅಂಶ, ಬರೆದದ್ದು ಅದರ ಮುಂದಿನದು ಎಂದಾಗುತ್ತದೆ. ಮೊದಲ ಎರಡು ಪಟ್ಟಿಗಳು ಉಪ-ಅಭಿವ್ಯಕ್ತಿಗಳನ್ನು ಒಮ್ಮೆ ಮಾತ್ರ, ಎಡದಿಂದ ಬಲಕ್ಕೆ ಲೆಕ್ಕಹಾಕಿ ಕಟ್ಟಿಡುತ್ತವೆ. ಅಂದರೆ ಸೆಟ್‌ಎಫ್ ತೆರೆದ ಜೋಡಿಯನ್ನು ಬಳಕೆಯ ಜಾಗದಲ್ಲಿ ಮುಚ್ಚಿದ ಜೋಡಿಯಾಗಿ ಪರಿವರ್ತಿಸುತ್ತದೆ ಎಂದು ಓದಬಹುದು. ಸ್ಟ್ರೇಚಿಯವರ ಜೋಡಿಗೆ ಈ ಯಂತ್ರಾಂಗ ಬೇಕಿಲ್ಲ. ಅದು ಹುಟ್ಟುವಾಗಲೇ ಮುಚ್ಚಿರುತ್ತದೆ.

ಒಂದು ಪಾರಿಭಾಷಿಕ ವ್ಯತ್ಯಾಸವನ್ನೂ ದಾಖಲಿಸಬೇಕು. 1984ರಲ್ಲಿ ಇಂಥ ವ್ಯಾಖ್ಯೆಗೆ ‘ಸೆಟ್‌ಎಫ್ ಮೆಥಡ್’ ಎಂಬ ಹೆಸರಿತ್ತು. 1994ರ ಆನ್ಸಿ ಪ್ರಮಾಣಕದಲ್ಲಿ ಅದು ‘ಸೆಟ್‌ಎಫ್ ಎಕ್ಸ್‌ಪ್ಯಾಂಡರ್’. ಎರಡೂ ಒಂದೇ ಕೆಲಸದವು. ಹಳೆಯ ಪಠ್ಯದ ‘ಮೆಥಡ್’ ಅನ್ನು ಆಬ್ಜೆಕ್ಟ್ ವ್ಯವಸ್ಥೆಯ ಮೆಥಡ್ ಎಂದು ಓದಿದರೆ ಅರ್ಥ ಕೆಡುತ್ತದೆ.

4. ಹೊಸ ಮೌಲ್ಯ ಎಷ್ಟನೆಯ ಆರ್ಗ್ಯುಮೆಂಟ್?

ಸಣ್ಣದೆಂದು ಕಾಣುವ ಈ ಪ್ರಶ್ನೆಯಲ್ಲಿ ಭಾಷೆಗಳು ಎರಡು ಗುಂಪಾಗುತ್ತವೆ.

ಮೊದಲಿಗೆ ಇಡುವವು: ಪಾಪ್ ಪರಂಪರೆಯ ಅಪ್‌ಡೇಟರ್, ಕಾಮನ್ ಲಿಸ್ಪ್‌ನ ಸೆಟ್‌ಎಫ್ ಫಂಕ್ಷನ್, ಡಿಲನ್‌ನ ಸೆಟರ್. ಪಾಪ್‌ನಲ್ಲಿ ಅಸೈನ್‌ಮೆಂಟ್ ಎಡದಿಂದ ಬಲಕ್ಕೆ ಸಾಗುತ್ತದೆ: ಮೊದಲು ಮೌಲ್ಯ, ಆಮೇಲೆ ಬಾಣ, ಆಮೇಲೆ ಗುರಿ. ಆರ್ಗ್ಯುಮೆಂಟ್‌ಗಳು ಸ್ಟ್ಯಾಕ್‌ಗೆ ಬರೆದ ಕ್ರಮದಲ್ಲೇ ಏರುವುದರಿಂದ ಮೌಲ್ಯ ಮೊದಲಾಗುವುದು ಸಹಜ. ಕಾಮನ್ ಲಿಸ್ಪ್‌ನಲ್ಲಿ ಕಾರಣ ಬೇರೆಯದೆಂದು ತೋರುತ್ತದೆ: ಐಚ್ಛಿಕ ಆರ್ಗ್ಯುಮೆಂಟ್‌ಗಳು ಕೊನೆಯಲ್ಲಿ ಎಷ್ಟಾದರೂ ಬರಬಹುದಾದ್ದರಿಂದ ಕಡ್ಡಾಯವಾದ ಹೊಸ ಮೌಲ್ಯಕ್ಕೆ ಮೊದಲ ಸ್ಥಾನವೇ ಸುರಕ್ಷಿತ.

ಕೊನೆಗೆ ಇಡುವವು: ಸ್ಕೀಮ್‌ಗಾಗಿ ಪೆರ್ ಬೋತ್ನರ್ ಬರೆದು 2000ದಲ್ಲಿ ಅಂತಿಮಗೊಂಡ ‘ಸರ್ಫಿ 17’ ಪ್ರಸ್ತಾವ, ರೂಬಿ, ಪೈಥಾನ್, ಸಿ ಶಾರ್ಪ್‌ನ ಇಂಡೆಕ್ಸರ್. ಸ್ಕೀಮ್‌ನಲ್ಲಿ ವೆಕ್ಟರ್ ಬರೆಯುವ ಫಂಕ್ಷನ್ ಮೊದಲಿನಿಂದಲೂ ವೆಕ್ಟರ್, ಸೂಚ್ಯಂಕ, ಮೌಲ್ಯ ಎಂಬ ಕ್ರಮದಲ್ಲಿತ್ತು. ಅದನ್ನೇ ಸೆಟರ್ ಎಂದು ನೇರವಾಗಿ ಬಳಸಲು ಈ ಆಯ್ಕೆ ಅನುವು ಮಾಡಿತು. ಗೆಟರ್ ಮತ್ತು ಸೆಟರ್ ಎರಡನ್ನೂ ಕೊಟ್ಟರೆ ಎರಡನ್ನೂ ಹೊತ್ತ ಒಂದು ಹೊಸ ಪ್ರೊಸೀಜರನ್ನು ಮರಳಿಸುವ ಫಂಕ್ಷನ್ ಕೂಡ ಸರ್ಫಿ 17ರಲ್ಲಿದೆ. ಪಾಪ್-2ರ ಡಬ್ಲೆಟ್‌ಗೆ ಇದು ಬಹಳ ಸಮೀಪ. ಕ್ರಮ ಮಾತ್ರ ತಿರುಗುಮುರುಗು.

5. ಅಸೈನ್‌ಮೆಂಟ್‌ನ ಫಲ

ಸೆಟರ್ ಹಿಂದಿರುಗಿಸಿದ್ದು ಏನಾಗುತ್ತದೆ? ಜಾವಾಸ್ಕ್ರಿಪ್ಟ್, ರೂಬಿ ಎರಡರಲ್ಲೂ ಆಬ್ಜೆಕ್ಟಿನ ಗುಣಕ್ಕೆ ಮಾಡಿದ ಅಸೈನ್‌ಮೆಂಟ್‌ನ ಮೌಲ್ಯ ಬಲಬದಿಯ ಮೌಲ್ಯವೇ. ಸೆಟರ್ ಕೊಟ್ಟದ್ದನ್ನು ಕೈಬಿಡಲಾಗುತ್ತದೆ. ಕಾಮನ್ ಲಿಸ್ಪ್ ಈ ಹೊಣೆಯನ್ನು ಸೆಟ್‌ಎಫ್ ಫಂಕ್ಷನ್ ಬರೆಯುವವರ ಮೇಲೆ ಹಾಕಿ, ಹೊಸ ಮೌಲ್ಯವನ್ನೇ ಹಿಂದಿರುಗಿಸಬೇಕೆಂದು ವಿಧಿಸುತ್ತದೆ. ಪೈಥಾನ್‌ನಲ್ಲಿ ಆಬ್ಜೆಕ್ಟಿನ ಗುಣಕ್ಕೆ ಮಾಡುವ ಅಸೈನ್‌ಮೆಂಟ್ ಹೇಳಿಕೆಯೇ ಹೊರತು ಅಭಿವ್ಯಕ್ತಿಯಲ್ಲವಾದ್ದರಿಂದ ಪ್ರಶ್ನೆ ಏಳುವುದಿಲ್ಲ.

ಬಲಬದಿಯ ಮೌಲ್ಯ ಮತ್ತು ಆಮೇಲೆ ಓದಿದ ಮೌಲ್ಯ ಒಂದೇ ಆಗಿರಬೇಕೆಂಬ ನಿಯಮ ಮಾತ್ರ ಇವುಗಳಲ್ಲಿ ಯಾವುದರಲ್ಲೂ ಇಲ್ಲ. 0ರಿಂದ 100ರೊಳಗೆ ಮೌಲ್ಯವನ್ನು ಹಿಡಿದಿಡುವ ಸೆಟರ್‌ಗೆ 150 ಕೊಟ್ಟರೆ ಜಾವಾಸ್ಕ್ರಿಪ್ಟ್ ಅಭಿವ್ಯಕ್ತಿಯ ಫಲ 150, ಮರುಕ್ಷಣ ಓದಿದರೆ 100. ಫಾಸ್ಟರ್ ಮತ್ತು ಸಹಲೇಖಕರು 2005ರ ‘ಲೆನ್ಸ್’ ಪ್ರಬಂಧದಲ್ಲಿ ಬರೆದದ್ದನ್ನೇ ಓದಬೇಕು, ಓದಿದ್ದನ್ನೇ ಬರೆದರೆ ಏನೂ ಬದಲಾಗಬಾರದು ಎಂಬ ಎರಡು ನಿಯಮಗಳನ್ನು ಮುಂದಿಟ್ಟರು. ಮೇಲಿನ ಸೆಟರ್ ಮೊದಲನೆಯದನ್ನು ಮೀರುತ್ತದೆ. ಅದು ದೋಷವೇ ಎಂಬುದು ಬಳಕೆಯನ್ನು ಅವಲಂಬಿಸಿದೆ.

6. ಇತ್ತೀಚಿನ ಮೂರು ಸಾಕ್ಷ್ಯಗಳು

6.1. ಪೈಥಾನ್ 2.2 (ಡಿಸೆಂಬರ್ 2001) ‘ಪ್ರಾಪರ್ಟಿ’ಯನ್ನು ತಂದಿತು; ಅದಕ್ಕೆ ಗೆಟರ್, ಸೆಟರ್, ಅಳಿಸುವ ಫಂಕ್ಷನ್ ಮೂರನ್ನೂ ಆರ್ಗ್ಯುಮೆಂಟ್‌ಗಳಾಗಿ ಕೊಡಬಹುದು. ಹಾಗಾಗಿ ಕಟ್ಟುನಿಟ್ಟಾಗಿ ಇದು ಜೋಡಿಯಲ್ಲ, ತ್ರಿಕ. ಸೆಟರ್‌ಗೆ ಡೆಕೊರೇಟರ್ ರೂಪ ಬಂದದ್ದು 2.6ರಲ್ಲಿ (ಅಕ್ಟೋಬರ್ 2008). ಎರಡು ವರ್ಷಗಳನ್ನೂ ‘ಪೈಥಾನ್‌ಗೆ ಸೆಟರ್ ಬಂದ ವರ್ಷ’ ಎಂದು ಹೇಳುವುದು ಸಾಧ್ಯ. ಯಾವ ಅರ್ಥದಲ್ಲಿ ಎಂಬುದನ್ನು ಸೂಚಿಸಬೇಕು.

6.2. ಪೈಥಾನ್‌ನ ಒಂದು ಪರಿಚಿತ ವರ್ತನೆ ಓದು–ಬರಹಗಳ ನಡುವಿನ ಅಂತರವನ್ನು ತೆರೆದು ತೋರಿಸುತ್ತದೆ. ಟ್ಯೂಪಲ್ ಒಂದರೊಳಗಿನ ಲಿಸ್ಟ್‌ಗೆ += ಮೂಲಕ ಇನ್ನೊಂದು ಲಿಸ್ಟ್ ಸೇರಿಸಿದರೆ ಟೈಪ್‌ಎರರ್ ಬರುತ್ತದೆ, ಆದರೆ ಲಿಸ್ಟ್ ಬದಲಾಗಿರುತ್ತದೆ. ಕ್ರಮ ಹೀಗೆ: ಓದು ಯಶಸ್ವಿ, ಲಿಸ್ಟ್ ಇದ್ದಲ್ಲೇ ಬೆಳೆಯಿತು, ಬರಹ ವಿಫಲ. ವಸ್ತುವನ್ನು ಒಮ್ಮೆ ಮಾತ್ರ ಲೆಕ್ಕಹಾಕುವ ಭರವಸೆ ಇಲ್ಲಿ ಮುರಿದಿಲ್ಲ. ಮೂರು ಹಂತಗಳು ಒಂದಾಗಿ ನಡೆಯುವ ಭರವಸೆ ಎಂದೂ ಇರಲಿಲ್ಲ.

6.3. ಪ್ರಾಪರ್ಟಿಯನ್ನು ಫಂಕ್ಷನ್ ಒಂದಕ್ಕೆ ಬದಲಾಯಿಸಲು ಒಪ್ಪಿಸಬಹುದೇ? ಸಿ ಶಾರ್ಪ್‌ನ ಸೆಟರ್ ಉಳ್ಳ ಸಾಮಾನ್ಯ ಪ್ರಾಪರ್ಟಿಯನ್ನು ‘ರೆಫ್’ ಆಗಿ ಕಳಿಸಲು ಕಂಪೈಲರ್ ಬಿಡುವುದಿಲ್ಲ. ಅದರ ಹಿಂದೆ ವಿಳಾಸವಿಲ್ಲ. 2014ರಲ್ಲಿ ಹೊರಬಂದ ಸ್ವಿಫ್ಟ್ ‘ಇನ್‌ಔಟ್’ ಆಗಿ ಬಿಡುತ್ತದೆ: ಕರೆಯ ಮುನ್ನ ಗೆಟರ್, ಕರೆ ಮುಗಿದಾಗ ಸೆಟರ್, ನಡುವೆ ಒಂದು ಪ್ರತಿ. ಫಂಕ್ಷನ್ ಏನನ್ನೂ ಬದಲಿಸದಿದ್ದರೂ ಸೆಟರ್ ಓಡುತ್ತದೆ. ಸ್ಟ್ರೇಚಿಯವರ ಜೋಡಿಯನ್ನೇ ಮೌಲ್ಯವಾಗಿ ಕಳಿಸಿದ್ದರೆ ಹೀಗಾಗುತ್ತಿರಲಿಲ್ಲ. ಫಂಕ್ಷನ್ ಬರೆದಾಗ ಮಾತ್ರ ಅಪ್‌ಡೇಟ್ ಭಾಗ ಓಡುತ್ತಿತ್ತು.

7. ಉಲ್ಲೇಖದ ಬಗ್ಗೆ

ಸ್ಟ್ರೇಚಿಯವರ ಉಪನ್ಯಾಸವನ್ನು 2000ದ ಬರಹವೆಂದು ಕಾಣಿಸಿದರೆ ಲೋಡ್–ಅಪ್‌ಡೇಟ್ ಜೋಡಿ ಜಾವಾಸ್ಕ್ರಿಪ್ಟ್‌ಗಿಂತಲೂ ಈಚಿನದಾಗಿ ತೋರುತ್ತದೆ. ಈ ವಿಷಯದಲ್ಲಿ ಬರೆಯುವವರು 1967 ಮತ್ತು 2000 ಎರಡೂ ವರ್ಷಗಳನ್ನು ಕೊಡಬೇಕೆಂದು ಕೋರಿಕೆ.